ಬೇಳೆ ಬೇಯುವ ಬಗೆ

ಮನೆಯ ಅಡಿಗೆ ರುಚಿಯಾಗಬೇಕಾದರೆ ಏನು ಮಾಡಬೇಕೆಂದು ಕೇಳಿದರೆ, ಸಾಮಾನ್ಯವಾಗಿ ದೊರೆಯುವ ಉತ್ತರವು ಸಾಮಗ್ರಿಯನ್ನು ಕುರಿತದ್ದು. ಒಳ್ಳೆಯ ತುಪ್ಪ ಬೇಕು, ಬ್ಯಾಡಗಿ ಮೆಣಸಿನಕಾಯಿ ಬೇಕು, ಹದವಾಗಿ ಹುರಿದ ಪುಡಿ ಬೇಕು ಎನ್ನುತ್ತಾರೆ. ಇವೆಲ್ಲವೂ ಬೇಕಾದುವೇ. ಆದರೆ ಬೇಳೆಯೇ ಬೇಯದಿದ್ದರೆ ಎಂತಹ ಪುಡಿಯೂ ಹುಳಿಯನ್ನು ಉದ್ಧಾರಮಾಡಲಾರದು. ತಿಳಿ ಮೇಲೆ, ಬೇಳೆ ಕೆಳಗೆ ಎಂದು ಅದು ಎರಡಾಗಿ ನಿಂತುಬಿಡುತ್ತದೆ. ಆಗ ನಿಂದೆಯೆಲ್ಲವೂ ಬರುವುದು ಅಡಿಗೆ ಮಾಡಿದಾಕೆಯ ಮೇಲೆ. ಆಕೆ ನೀರಿನ ಮಾತೆತ್ತಿದರೆ, ಕುಣಿಯಲಾರದವಳು ನೆಲ ಡೊಂಕೆಂದಳಂತೆ ಎಂದು ನಗುವವರುಂಟು. ನಾವು ಪಾಠ ಹೇಳುವವರು. ಒಲೆಯ ಮುಂದೆ ನಮ್ಮ ಅಧಿಕಾರ ಅಷ್ಟಕ್ಕಷ್ಟೆ. ಆದರೂ ಈ ವಿಷಯದಲ್ಲಿ ಆಕೆಯ ಪಕ್ಷವನ್ನು ವಹಿಸಿ ಎರಡು ಮಾತು ಹೇಳಬೇಕಾಗಿದೆ. ನಮ್ಮ ಊರಿನ ಅನೇಕ ಅಡಿಗೆಮನೆಗಳಲ್ಲಿ ನೆಲವು ನಿಜವಾಗಿಯೂ ಡೊಂಕಾಗಿದೆ.

ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟದ ದಾರಿಯ ಕಡೆ, ಸೋಲದೇವನಹಳ್ಳಿ ಎಂಬ ಊರಿದೆ. ಇಂದು ಕಾಲೇಜುಗಳೂ ಬಡಾವಣೆಗಳೂ ಎದ್ದಿರುವ ಈ ಊರಿಗೂ ನಗರದ ಒಲೆಗಳಿಗೂ ಹಳೆಯ ನಂಟುಂಟು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ ಕೈಗೊಂಡ ಜಲಯೋಜನೆಯಂತೆ, ಅರ್ಕಾವತಿಯ ಹೆಸರಘಟ್ಟ ಕೆರೆಯ ನೀರು ಇಳಿಜಾರಿನಲ್ಲಿ ತಾನಾಗಿ ಸೋಲದೇವನಹಳ್ಳಿಗೆ ಹರಿದುಬರುತ್ತಿತ್ತು. ಅಲ್ಲಿ ಉಗಿಯಂತ್ರಗಳು ಅದನ್ನು ಮಲ್ಲೇಶ್ವರದ ಕಡೆಯ ಶೋಧನಾಗಾರಕ್ಕೆ ಎತ್ತಿ ಕಳುಹಿಸುತ್ತಿದ್ದುವು. 1896ರಿಂದ ಆ ನೀರು ನಗರದ ನಲ್ಲಿಗಳಲ್ಲಿ ಬಂದಿತು. ಮುಂದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ, 1974ರಲ್ಲಿ ದೂರದ ಕಾವೇರಿಯೂ ಒದಗಿದುವು. ಕೆರೆಯ ನೀರಾಗಲಿ ಹೊಳೆಯ ನೀರಾಗಲಿ ಬಹುಮಟ್ಟಿಗೆ ಮಳೆಯ ನೀರೇ. ಕಲ್ಲಿನೊಡನೆ ಅದರ ಸಹವಾಸ ಕಡಮೆ. ಕೊಳವೆಬಾವಿಯ ನೀರು ಹಾಗಲ್ಲ. ಅದು ನೆಲದಾಳದ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಮೇಲಕ್ಕೆ ಬರುತ್ತದೆ. ಇದನ್ನೇ ಗಡುಸು ನೀರು ಎನ್ನುವುದು. ಉತ್ತರದ ಬಡಾವಣೆಗಳಲ್ಲಿ ಇಂತಹ ನೀರನ್ನೇ ನಂಬಿದ ಮನೆಗಳು ಇಂದಿಗೂ ಅನೇಕ.

ಗಡುಸು ನೀರಿಗೂ ಬೇಳೆಗೂ ಏನು ಹಗೆ? ಬೇಳೆಯ ಕಣಗಳನ್ನು ಒಂದಕ್ಕೊಂದು ಅಂಟಿಸಿರತಕ್ಕ ಪದಾರ್ಥಕ್ಕೆ ಪೆಕ್ಟಿನ್ ಎಂದು ಹೆಸರು; ಗೋಡೆಯ ಇಟ್ಟಿಗೆಗಳ ನಡುವಣ ಗಾರೆಯಂತೆ ಎಂದು ತಿಳಿಯಬಹುದು. ಬಿಸಿನೀರಿನಲ್ಲಿ ಈ ಗಾರೆಯು ಕರಗಿ, ಕಣಗಳು ಬಿಡಿಬಿಡಿಯಾಗಿ, ಒಳಗಿನ ಪಿಷ್ಟವು ಉಬ್ಬುವುದೇ ಬೇಯುವುದು. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಾಗಿದ್ದರೆ ಅದು ಪೆಕ್ಟಿನ್ನಿನ ಎಳೆಗಳನ್ನು ಪರಸ್ಪರ ಬಿಗಿದು, ಗಾರೆಯು ಕರಗದಂತೆ ಮಾಡುತ್ತದೆ. ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುವ ರಹಸ್ಯವಿದು.

ನಮ್ಮ ನೀರು ಗಡುಸೋ ಮೆದುವೋ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಸಾಬೂನು ನೊರೆಯೇಳದಿದ್ದರೆ, ನೀರು ಕಾಯಿಸುವ ಪಾತ್ರೆಯ ಒಳಗೆ ಬಿಳಿಯ ಹೊಪ್ಪಳೆ ಕಟ್ಟಿದರೆ, ಅದೇ ಸಾಕ್ಷಿ. ಆ ಹೊಪ್ಪಳೆಯೇ ಪರಿಹಾರವನ್ನೂ ಸೂಚಿಸುತ್ತದೆ. ಗಡುಸಿನ ಒಂದು ಭಾಗವು ಕುದಿಸಿದರೆ ತಳಕ್ಕಿಳಿಯತಕ್ಕದ್ದು. ಆದುದರಿಂದ ನೀರನ್ನು ಹತ್ತು ನಿಮಿಷ ಕುದಿಸಿ, ಆರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಅದರಲ್ಲಿ ಬೇಳೆ ಹಾಕಬೇಕು. ಕ್ಯಾಂಡಲ್ ಫಿಲ್ಟರು ಕೆಸರನ್ನು ತಡೆಯುವುದೇ ಹೊರತು ಕರಗಿದ ಲವಣವನ್ನು ತಡೆಯದು; ಆರ್‌ಓ ಯಂತ್ರವು ತಡೆಯುತ್ತದೆ. ಯಂತ್ರವಿರುವ ಮನೆಯವರು ಆ ನೀರನ್ನು ಕುಡಿಯುವುದಕ್ಕೆ ಮಾತ್ರ ಮೀಸಲಿಟ್ಟು, ಬೇಳೆಗೆ ತೊಟ್ಟಿಯ ನೀರನ್ನು ಸುರಿಯುವುದು ನಮಗೆ ಸರಿತೋರದು.

ಕಡಲೆ, ಹುರುಳಿ, ಒಣ ಅವರೆ ಮುಂತಾದ ಇಡೀ ಕಾಳುಗಳಿಗೆ ಇನ್ನೊಂದು ಉಪಾಯವುಂಟು. ನೆನೆಹಾಕುವ ನೀರಿಗೆ ಲೀಟರಿಗೆ ಎರಡು ಚಮಚದಂತೆ ಉಪ್ಪು ಬೆರೆಸಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಆ ನೀರನ್ನು ಚೆಲ್ಲಿ ತೊಳೆದು ಬೇಯಿಸುವುದು. ಉಪ್ಪು ಕಾಳನ್ನು ಬಿರುಸುಮಾಡುತ್ತದೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ; ನೆನೆಸುವಾಗ ಆಗುವುದು ಇದಕ್ಕೆ ವಿರುದ್ಧ. ಉಪ್ಪಿನ ಸೋಡಿಯಂ ಸಿಪ್ಪೆಯಲ್ಲಿನ ಕ್ಯಾಲ್ಸಿಯಂನ ಸ್ಥಾನವನ್ನು ಆಕ್ರಮಿಸಿ ಸಿಪ್ಪೆಯನ್ನು ಮೆದುಗೊಳಿಸುತ್ತದೆ. ಅಡಿಗೆ ಸೋಡ ಹಾಕಿದರೂ ಕಾಳು ಬೇಗ ಬೇಯುವುದು ದಿಟ. ಆದರೆ ಅದು ಥಯಮಿನ್ ಎಂಬ ಜೀವಸತ್ವವನ್ನು ಕೆಡಿಸುತ್ತದೆ, ಹೆಚ್ಚಾದರೆ ಸಾಬೂನಿನ ರುಚಿಯನ್ನೂ ತರುತ್ತದೆ. ವರ್ಷಗಟ್ಟಲೆ ಡಬ್ಬಿಯಲ್ಲಿ ಕುಳಿತ ಕಾಳಿಗಂತೂ ಯಾವ ಉಪಾಯವೂ ಪೂರ್ತಿಯಾಗಿ ಸಾಗದು. ಬೆಲೆ ಇಳಿದಾಗ ಮೂಟೆ ತಂದಿಡುವ ಯಜಮಾನರು ಇದನ್ನು ಗಮನಿಸಬೇಕು.

ನೀರಿನ ಮಾತಾಯಿತು, ಉರಿಯದೂ ಒಂದುಂಟು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಮೆಯಾದುದರಿಂದ ನೀರು 100 ಡಿಗ್ರಿಯನ್ನು ಮುಟ್ಟುವ ಮೊದಲೇ, 97ರ ಸುಮಾರಿಗೆ, ಕುದಿಯತೊಡಗುತ್ತದೆ. ಕುದಿಯಲಾರಂಭಿಸಿದ ಮೇಲೆ ತೆರೆದ ಪಾತ್ರೆಯ ಕೆಳಗೆ ಎಷ್ಟು ಉರಿ ಹಚ್ಚಿದರೂ ಉಷ್ಣಮಾನವು ಏರದು. ನೀರು ಆವಿಯಾಗುವುದು, ಅನಿಲದ ಖರ್ಚು ಬೆಳೆಯುವುದು, ಅಷ್ಟೆ. ಕುದಿ ಬಂದೊಡನೆ ಉರಿ ತಗ್ಗಿಸಿ ಮುಚ್ಚಳವಿಡುವುದು ಜಾಣತನ. ಫ್ರಾನ್ಸಿನ ಡೆನಿಸ್ ಪಾಪಿನ್ 1679ರಲ್ಲಿ ಉಗಿಯನ್ನು ಬಿಗಿಹಿಡಿಯುವ ಪಾತ್ರೆಯನ್ನು ರಚಿಸಿದನು. ನಮ್ಮ ಕುಕ್ಕರು ಅದರ ಸಂತತಿ. ಅದರೊಳಗೆ ಶಾಖವು 120 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ. ಅಲ್ಲಿಯೂ ಮೊದಲ ಕೂಗಿನ ಬಳಿಕ ಸಣ್ಣ ಉರಿಯೇ ಸಾಕು.

ಇನ್ನು ಹುಣಿಸೆಹಣ್ಣು. ಹುಳಿಯೂ ಪೆಕ್ಟಿನ್ನು ಕರಗುವುದನ್ನು ತಡೆಯತಕ್ಕದ್ದೇ. ಬೇಳೆ ಬೆಂದ ಮೇಲೆಯೇ ಹುಣಿಸೆಯ ರಸ ಹಾಕಬೇಕೆಂದು ಅಜ್ಜಿಯರು ಕಟ್ಟುಮಾಡಿದ್ದು ಸುಮ್ಮನೆ ಅಲ್ಲ. ಟೊಮ್ಯಾಟೋ ಹಣ್ಣಿಗೂ ಇದೇ ನಿಯಮ; ಗಡುಸು ನೀರಿನ ಮನೆಯಲ್ಲಿ ಅದನ್ನು ಬೇಳೆಯೊಡನೆ ಕುಕ್ಕರಿಗೆ ಸೇರಿಸಬಾರದು. ಆದರೆ ಇದೇ ದೋಷವು ಬೇರೆಡೆ ಗುಣವಾಗುತ್ತದೆ. ಬೆಂಡೆಕಾಯಿ ಗೊಜ್ಜಿನಲ್ಲಿ ಹೋಳು ಕರಗದೆ ನಿಲ್ಲಬೇಕಾದರೆ, ಲೋಳೆಯೂ ಅಡಗಬೇಕಾದರೆ, ಹುಳಿಯನ್ನು ಮೊದಲೇ ಹಾಕಬೇಕು.

ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆಯೂ ಅಡಿಗೆಯ ಬಗೆಯೂ ಒಂದೇ ಗ್ರಂಥದೊಳಗೆ ಬಂದಿವೆ. ಇಂದಿನ ಪಾಕಪುಸ್ತಕಗಳಲ್ಲಿ ಉಪ್ಪಿಗೆ ಅಳತೆಯುಂಟು, ಕಾರಕ್ಕೆ ಅಳತೆಯುಂಟು. ನೀರಿನ ವಿಷಯದಲ್ಲಿ ಮಾತ್ರ ‘ಬೇಕಾದಷ್ಟು’ ಎಂದು ಬರೆದು ಮುಗಿಸಿಬಿಡುತ್ತಾರೆ. ಎಂತಹ ನೀರು ಎಂದು ಕೇಳುವವರಿಲ್ಲ.

ಬೆಂದ ಬೇಳೆಯನ್ನು ಬಿಸಿಯಿರುವಾಗಲೇ ಕಡೆಗೋಲಿನಿಂದ ಕಡೆದು, ಆಮೇಲೆ ತರಕಾರಿ, ಹುಳಿ, ಪುಡಿ ಸೇರಿಸಿ ಒಂದು ಕುದಿ ಕುದಿಸಬೇಕು. ಒಗ್ಗರಣೆ ಎಲ್ಲಕ್ಕಿಂತ ಕೊನೆಗೆ. ಸಾಸಿವೆ ಪೂರ್ತಿ ಸಿಡಿಯುವ ತನಕ ತಾಳ್ಮೆಯಿರಲಿ. ಇಂಗೂ ಕರಿಬೇವೂ ತಮ್ಮ ಪರಿಮಳವನ್ನು ನೀರಿಗಿಂತ ಎಣ್ಣೆ ತುಪ್ಪಗಳಿಗೇ ಸುಲಭವಾಗಿ ಒಪ್ಪಿಸತಕ್ಕವು. ಸುರಿದೊಡನೆ ಮುಚ್ಚಳ ಮುಚ್ಚಿ, ಎಲೆ ಹಾಕುವವರೆಗೆ ತೆರೆಯದಿರುವುದು ಒಳ್ಳೆಯದು.