ನಿಃಸ್ವಾರ್ಥ: ಮನೆಯಲ್ಲಿ ಮತ್ತು ಸಮಾಜದಲ್ಲಿ

‘ನಿಃಸ್ವಾರ್ಥ’ ಎಂಬ ಪದವನ್ನು ನಾವು ಸಭೆ-ಸಮಾರಂಭಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಕೊಡುವವನೇ ನಿಃಸ್ವಾರ್ಥಿ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಕೊಡುವುದಕ್ಕೆ ಮೊದಲು ಪಡೆಯುವ ಕ್ರಿಯೆಯೊಂದಿದೆ. ತನಗೆ ಎಷ್ಟು ಸಾಕೆಂಬುದನ್ನರಿತು, ಅದಕ್ಕೂ ಮಿಗಿಲಾದುದಕ್ಕೆ ಕೈಚಾಚದಿರುವುದೇ ಈ ಗುಣದ ಮೊದಲ ಮೆಟ್ಟಿಲು.

ಮನೆಯ ಬದುಕಿನಲ್ಲಿ ಇದಕ್ಕೆ ಆಯ್ದಕ್ಕಿ ಲಕ್ಕಮ್ಮನವರಿಗಿಂತ ಉತ್ತಮ ನಿದರ್ಶನ ದೊರೆಯಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಕೆಯ ಪತಿ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಮ್ಮೆ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬ ಕಥೆ ಶರಣಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆ ಅಕ್ಕಿ ಕದ್ದುದಾಗಿರಲಿಲ್ಲ, ದಾಸೋಹಕ್ಕೆಂದೇ ತಂದುದಾಗಿತ್ತು. ಆದರೂ ಸತ್ಕಾರ್ಯದ ನೆಪದಲ್ಲಿಯೇ ಆಸೆ ಮನೆಯನ್ನು ಹೊಗಬಲ್ಲುದೆಂಬುದನ್ನು ಆ ತಾಯಿ ಕಂಡಿದ್ದರು.

ಸಾರ್ವಜನಿಕ ಬದುಕಿನಲ್ಲಿ ಡಾ. ಫ. ಗು. ಹಳಕಟ್ಟಿಯವರನ್ನು ನೆನೆಯಬೇಕು. 1880ರಲ್ಲಿ ಧಾರವಾಡದಲ್ಲಿ ಜನಿಸಿ, ಇಂದಿನ ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಸಂಪತ್ತನ್ನು ಕೂಡಿಡಬಹುದಾಗಿತ್ತು. ಅವರಾದರೋ ವಚನಗಳ ಹಸ್ತಪ್ರತಿಗಳನ್ನು ಹುಡುಕಿ ಸಂಗ್ರಹಿಸಿದರು; 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು; ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು; 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಅವರ ಬದುಕು ಸರಳವಾಗಿಯೇ ಉಳಿಯಿತು. ಅವರು ಉಳಿಸಿದ ವಚನಗಳು ಇಂದು ಸಮಸ್ತ ಕನ್ನಡಿಗರ ಸೊತ್ತಾಗಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ‘ನನ್ನದು’ ಎಂಬುದನ್ನು ಬಿಟ್ಟು ‘ನಮ್ಮದು’ ಎಂದಮಾತ್ರಕ್ಕೆ ಸ್ವಾರ್ಥವು ಅಳಿಯುವುದಿಲ್ಲ. ತನಗಾಗಿ ಒಂದು ಕಾಸನ್ನೂ ಮುಟ್ಟದ ಸಜ್ಜನರೂ ತಮ್ಮ ಮಗನಿಗಾಗಿ, ನೆಂಟರಿಗಾಗಿ, ತಮ್ಮ ಪಂಗಡಕ್ಕಾಗಿ ಅರ್ಹರ ಸ್ಥಾನವನ್ನು ಕಸಿಯುವುದುಂಟು. ಆಗ ಸ್ವಾರ್ಥವು ವಾತ್ಸಲ್ಯದ ವೇಷ ಧರಿಸಿರುತ್ತದೆ. ಆದುದರಿಂದಲೇ ಅದನ್ನು ಗುರುತಿಸುವುದು ಕಷ್ಟ. ಅಂತೆಯೇ, ಊರಿಗೆ ಉಪಕಾರಿಯಾದವನು ತನ್ನ ಮನೆಯವರ ಹಸಿವು-ದಣಿವುಗಳನ್ನು ಮರೆತರೆ, ಅವನ ಕೀರ್ತಿಗೆ ಬೆಲೆ ತೆತ್ತವರು ಬೇರೆಯವರೇ ಆಗುತ್ತಾರೆ.

ವಿದ್ಯಾಸಂಸ್ಥೆಯಲ್ಲಿ ಈ ಪರೀಕ್ಷೆ ದಿನದಿನವೂ ನಡೆಯುತ್ತದೆ. ಶಿಕ್ಷಕನು ಹಿಂದಿನ ಸಾಲಿನ ಮಂದಬುದ್ಧಿಯ ಬಾಲಕನಿಗೆ ಕೊಡುವ ಹೆಚ್ಚಿನ ಗಳಿಗೆ, ಹಳೆಯ ವಿದ್ಯಾರ್ಥಿಯು ಅಪರಿಚಿತ ಬಡಮಗುವಿನ ಶುಲ್ಕಕ್ಕೆ ಸದ್ದಿಲ್ಲದೆ ನೀಡುವ ನೆರವು, ಕಲ್ಲಿನ ಮೇಲೆ ತನ್ನ ಹೆಸರು ಕೆತ್ತದಿದ್ದರೂ ಮುಂದಿನ ವರ್ಷ ಅಷ್ಟೇ ಪ್ರೀತಿಯಿಂದ ಕೊಡುವ ದಾನಿಯ ಮನಸ್ಸು, ಇವೇ ನಿಃಸ್ವಾರ್ಥದ ನಿಜವಾದ ಕುರುಹುಗಳು.

ದಾನದಲ್ಲಿ ‘ಕೊಟ್ಟೆನು’ ಎಂಬ ಭಾವ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ಸೇವಕನಾಗುತ್ತಾನೆ. ನಾವು ಕೊಟ್ಟುದನ್ನು ಲೆಕ್ಕವಿಡುವ ಮೊದಲು, ನಾವು ಪಡೆದುದರಲ್ಲಿ ಮಿಕ್ಕುದೆಷ್ಟು, ಅದು ಯಾರ ಪಾಲಿನದು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. ಮನೆಯಲ್ಲಾಗಲಿ ಸಮಾಜದಲ್ಲಾಗಲಿ ನಿಃಸ್ವಾರ್ಥ ಜೀವನವು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.