ಬಾಗಿಲಲ್ಲಿ ನಿಂತವರು: ಮೋಟಮ್ಮನವರನ್ನು ಓದುವ ಬಗೆ

ನಮ್ಮ ಚಿಗವ್ವನನ್ನು ಹಳ್ಳಿಖೇಡ (ಬಿ)ಯಿಂದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. 1993ರ ಪಂಚಾಯತ್ ರಾಜ್ ಕಾಯ್ದೆಯ ನಂತರ ಮೀಸಲು ಸೀಟಿಗೆ ಹೆಣ್ಣಾಳು ಬೇಕಾದಾಗ ಊರ ಹಿರಿಯರೇ ಆಕೆಯ ಅರ್ಜಿ ತುಂಬಿದರು. ಮೀಟಿಂಗಿಗೆ ಕಾಕಾ ಹೋಗ್ತಿದ್ದ, ಹೆಬ್ಬಟ್ಟು ಒತ್ತಲಿಕ್ಕೆ ರಜಿಸ್ಟರು ಮನೀಗೆ ಬರ್ತಿತ್ತು. ಒಂದೇ ಸಲ ತಾನೇ ಹೋದಳಂತೆ. "ಕುರ್ಚಿ ಖಾಲಿ ಇದ್ವು ತಮ್ಮಾ, ಕೂಡು ಅಂತ ಯಾರೂ ಅನ್ನಲಿಲ್ಲ. ಬಾಗಲದಾಗ ನಿಂತು ಬಂದೆ" ಅಂದಿದ್ದಳು.

ದಲಿತ ಆತ್ಮಕತೆ ಎಂದೊಡನೆ ನಮ್ಮ ವಿಮರ್ಶೆ ಸಿದ್ಧಲಿಂಗಯ್ಯನವರ 'ಊರುಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಎನ್ನುತ್ತದೆ. ಎನ್ನಲೇಬೇಕು. ಆದರೆ 2022ರಲ್ಲಿ ಬಂದ ಮೋಟಮ್ಮನವರ ಆತ್ಮಕತೆಯನ್ನು 'ರಾಜಕಾರಣಿಯ ಪುಸ್ತಕ' ಎಂದು ಬದಿಗಿಡುವುದು ಯಾವ ನ್ಯಾಯ? ಅಧಿಕಾರದ ಅನುಭವ ಸಾಹಿತ್ಯದ ಅನುಭವವಲ್ಲ ಎಂಬ ಮಡಿ ನಮಗೆ ಎಲ್ಲಿಂದ ಬಂತು?

ಮೂಡಿಗೆರೆ ಕಾಫಿ ತೋಟಗಳ ಸೀಮೆ, ಮೀಸಲು ಕ್ಷೇತ್ರ. ಅಲ್ಲಿಂದ ಮೋಟಮ್ಮ 1978ರಲ್ಲಿ ಮೊದಲ ಸಲ ಶಾಸಕಿಯಾದರು. ಅದೇ ವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆದ್ದದ್ದು ನಮ್ಮ ಬೀದರದ ಚಹಾದಂಗಡಿಗೂ ಗೊತ್ತಿತ್ತು. ಆ ಜಿಲ್ಲೆಯ ದಲಿತ ಶಾಸಕಿಯ ಹೆಸರು ನಮ್ಮ ಕೇರಿಗೂ ಗೊತ್ತಿರಲಿಲ್ಲ. 1989, 1999ರಲ್ಲಿ ಮತ್ತೆ ಗೆದ್ದರು, ನಡುವೆ ಸೋತರು. ಎಸ್.ಎಂ. ಕೃಷ್ಣ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಮಂತ್ರಿ. 2011ರಲ್ಲಿ ವಿಧಾನ ಪರಿಷತ್ತಿನ ವಿರೋಧ ಪಕ್ಷದ ನಾಯಕಿ. 2023ರಲ್ಲಿ ಮಗಳು ನಯನಾ ಅದೇ ಮೂಡಿಗೆರೆಯಿಂದ ಗೆದ್ದರು. (ಇದನ್ನು ಕುಟುಂಬ ರಾಜಕಾರಣ ಎನ್ನುವವರು ಗೌಡರ, ಪಾಟೀಲರ ಮನೆಗಳನ್ನೂ ಅಷ್ಟೇ ಉತ್ಸಾಹದಿಂದ ಎಣಿಸಲಿ.)

ನಮ್ಮ ಕಡೆ ನೋಡಿ. ಹುಮನಾಬಾದಿನ ರಾಮಚಂದ್ರ ವೀರಪ್ಪನವರು ಬೀದರದಿಂದ ಏಳು ಸಲ ಲೋಕಸಭೆಗೆ ಹೋದರು. 2009ರ ಚುನಾವಣೆಗೆ ಮುಂಚೆ ದಶಕಗಟ್ಟಲೆ ಆ ಕ್ಷೇತ್ರ ಪರಿಶಿಷ್ಟರಿಗೆ ಮೀಸಲಿತ್ತು. ಅಷ್ಟು ಕಾಲದಲ್ಲಿ ಒಬ್ಬ ದಲಿತ ಹೆಣ್ಣುಮಗಳೂ ಅಲ್ಲಿಂದ ಆರಿಸಿ ಹೋಗಲಿಲ್ಲ. ಮೀಸಲಾತಿಯೊಳಗೂ ಒಂದು ಬಾಗಿಲು ಇರುತ್ತದೆ.

ದೂರದ ಬ್ರೆಜಿಲ್‌ನಲ್ಲಿ ಬೆನೆದಿತಾ ದ ಸಿಲ್ವ ಎಂಬ ಕಪ್ಪು ಹೆಣ್ಣುಮಗಳಿದ್ದಾರೆ. ಹುಟ್ಟಿದ್ದು 1942ರಲ್ಲಿ, ರಿಯೊ ನಗರದಲ್ಲಿ. ಬೆಳೆದದ್ದು ಗುಡ್ಡದ ಕೊಳೆಗೇರಿಯಲ್ಲಿ. ಮನೆಗೆಲಸ ಮಾಡಿ ಬದುಕಿದವರು. 1982ರಲ್ಲಿ ನಗರಸಭೆಗೆ ನಿಂತಾಗ ಹೆಣ್ಣು, ಕಪ್ಪು, ಕೊಳೆಗೇರಿಯವಳು ಎಂಬ ಮೂರು ಬೈಗುಳಗಳನ್ನೇ ಪ್ರಚಾರದ ಮಾತು ಮಾಡಿಕೊಂಡರು. 1986ರಲ್ಲಿ ಸಂಸತ್ತಿಗೆ ಹೋಗಿ ಆ ದೇಶದ ಹೊಸ ಸಂವಿಧಾನ ಬರೆದವರಲ್ಲಿ ಒಬ್ಬರಾದರು; 1994ರಲ್ಲಿ ಸೆನೆಟಿಗೆ ಆಯ್ಕೆಯಾದರು; 2002ರಲ್ಲಿ ರಿಯೊ ರಾಜ್ಯದ ಗವರ್ನರ್. ಮನೆಗೆಲಸದವರಿಗೆ ಉಳಿದ ಕಾರ್ಮಿಕರ ಹಕ್ಕು ಕೊಟ್ಟ 2013ರ ಸಂವಿಧಾನ ತಿದ್ದುಪಡಿಯ ಹಿಂದೆಯೂ ಇದ್ದರು. ತಾನು ತಿಕ್ಕಿದ ಪಾತ್ರೆಯ ಲೆಕ್ಕವನ್ನು ಶಾಸನಸಭೆಯಲ್ಲಿ ಕೇಳಿದರು.

ಮೋಟಮ್ಮನವರ ಲೆಕ್ಕ ಯಾವುದು? 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಅವರ ಖಾತೆಯದು. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಹದಿನೈದು-ಇಪ್ಪತ್ತು ಹೆಂಗಸರ ಗುಂಪು, ವಾರವಾರದ ಉಳಿತಾಯ, ಅದರಲ್ಲೇ ಸಾಲ, ಸರ್ಕಾರದಿಂದ 5,000 ರೂಪಾಯಿ ಸುತ್ತುನಿಧಿ. ನಾನು ಆಗ ಇದನ್ನು ಹಂಗಿಸಿದವನು. ಬಡವರ ರೊಕ್ಕವನ್ನು ಬಡವರಿಗೇ ಸಾಲ ಕೊಡುವುದು ಎಂಥ ಕ್ರಾಂತಿ, ಭೂಮಿಯ ಮಾತೆಲ್ಲಿ ಎಂದು ಭಾಷಣ ಮಾಡುತ್ತಿದ್ದೆ. ಭೂಮಿಯ ಪ್ರಶ್ನೆಯನ್ನು ನಾನು ಈಗಲೂ ಬಿಟ್ಟಿಲ್ಲ. ಚಿಗವ್ವನ ಊರಲ್ಲಿ ಗುಂಪಿನ ಸಭೆ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಆಗಬೇಕಿತ್ತು. ನಮ್ಮವರ ಸರದಿ ಬಂದ ವಾರ ಊರ ಹೆಂಗಸರು ಬರಲಿಲ್ಲ. ಕೇರಿಯವರು ಬೇರೆ ಗುಂಪು ಕಟ್ಟಿದರು. ಯೋಜನೆ ಜಾತಿಯನ್ನು ಮುಟ್ಟಲಿಲ್ಲ, ನಿಜ. ಆದರೆ ಆ ಬೇರೆ ಗುಂಪಿಗೆ ಚಿಗವ್ವ ಅಧ್ಯಕ್ಷೆಯಾದಳು, ಬ್ಯಾಂಕಿಗಾಗಿ ಸಹಿ ಕಲಿತಳು. ಮೆಂಬರಳಾಗಿ ಐದು ವರ್ಷದಲ್ಲಿ ಆಗದ್ದು ಇದು. ನನ್ನ ಭಾಷಣದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನಮ್ಮ ಹಳ್ಳಿಖೇಡಕ್ಕೆ ಬಸವಕಲ್ಯಾಣ ಏನೂ ದೂರವಲ್ಲ. ಅಲ್ಲಿಯ ಶರಣರ ಪರಂಪರೆಯಲ್ಲಿ ವಚನ ಬರೆದ ದಲಿತ ಹೆಣ್ಣುಮಗಳೊಬ್ಬಳು ಇಂದಿಗೂ 'ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ' ಎಂದೇ ಅಚ್ಚಾಗುತ್ತಾಳೆ. ಚಿಗವ್ವನ ಹಳೇ ಪಾಸ್‌ಬುಕ್ ಮೊನ್ನೆ ಕೈಗೆ ಸಿಕ್ಕಿತು. ಮೇಲೆ ಕಾಕಾನ ಹೆಸರು ದೊಡ್ಡದಾಗಿದೆ. ಕೆಳಗೆ, ಸಹಿಯ ಜಾಗದಲ್ಲಿ, ಡೊಂಕು ಅಕ್ಷರದಲ್ಲಿ ಆಕೆಯದಷ್ಟೇ.