ಹಾಸಿನ ಮೇಲೆ ಹರಡಿದ ಮರುಭೂಮಿ

ಚದುರಂಗದ ಹಾಸಿನಲ್ಲಿ 64 ಮನೆಗಳು. ಅಲ್ಲಿಯ ಆನೆಗೆ ಮೇವು ಬೇಡ, ಕುದುರೆಗೆ ನೀರು ಬೇಡ. ಆಟವನ್ನು ಯುದ್ಧಕ್ಕೆ ಹತ್ತಿರ ತರಹೊರಟವರೆಲ್ಲರೂ ಕಟ್ಟಕಡೆಗೆ ಬಂದು ನಿಂತದ್ದು ಈ ಮೇವುನೀರುಗಳ ಲೆಕ್ಕದ ಮುಂದೆ. ಪ್ರಷ್ಯದ ರೈಸ್‌ವಿಟ್ಸ್ ಎಂಬಾತ 1812ರಲ್ಲಿ ತನ್ನ ದೊರೆಗೆ ಯುದ್ಧದಾಟದ ಮೇಜೊಂದನ್ನು ಒಪ್ಪಿಸಿದನು. ಅವನ ಮಗ 1824ರಲ್ಲಿ ಆ ಆಟವನ್ನು ತಿದ್ದಿ, ಸರದಿಯೊಂದಕ್ಕೆ ಎರಡು ನಿಮಿಷದ ಕಾಲವೆಂದು ನಿಗದಿಮಾಡಿ, ನಿಜವಾದ ಭೂಪಟದ ಮೇಲೆ ನಡೆಯಿಸಿದನು. ಅಲ್ಲಿಂದೀಚೆಗೆ ಈ ವಿದ್ಯೆ ಬಹಳ ಬೆಳೆಯಿತು. ಕೆಲವೆಡೆ ಮಿತಿಮೀರಿಯೂ ಬೆಳೆಯಿತೆನ್ನಬೇಕು.

ಮಿತಿಮೀರಿದ್ದಕ್ಕೆ ಉದಾಹರಣೆ ಬೇಕಾದರೆ, ಅಮೆರಿಕದ ರಿಚರ್ಡ್ ಬರ್ಗ್ ರಚಿಸಿ 1979ರಲ್ಲಿ ಪ್ರಕಟವಾದ ‘ದ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ’ ಇದೆ. ಎರಡನೆಯ ಮಹಾಯುದ್ಧದ ಲಿಬಿಯ-ಈಜಿಪ್ಟುಗಳ ಮರಳುಗಾಡೇ ಅದರ ರಂಗ. ಪಕ್ಷಕ್ಕೆ ಐವರಂತೆ ಹತ್ತು ಮಂದಿ ಕುಳಿತು ಆಡಬೇಕು. ಒಬ್ಬ ದಂಡನಾಯಕ, ಒಬ್ಬ ವಿಮಾನಗಳ ಒಡೆಯ, ಮತ್ತೊಬ್ಬನಿಗೆ ಬರಿಯ ಸರಬರಾಜಿನ ಲೆಕ್ಕ. ಮುಗಿಸಲು ಸುಮಾರು 1,500 ಗಂಟೆಗಳೆಂದು ಅಂದಾಜು. ದಿನಕ್ಕೆ ಮೂರು ಗಂಟೆ ಆಡಿದರೆ 500 ದಿನ! ಪೂರ್ತಿಯಾಗಿ ಆಡಿ ಪರೀಕ್ಷಿಸುವ ಮೊದಲೇ ಅದು ಅಚ್ಚಾಯಿತೆಂಬುದರಲ್ಲಿ ಆಶ್ಚರ್ಯವೇನಿದೆ?

ಇಂತಹ ಹಿರಿಯ ರಂಗವನ್ನು ಕಟ್ಟುವವನ ಮೊದಲ ಸಂಕಟ, ನೆಲದಳತೆಗೂ ಕಾಲದಳತೆಗೂ ಹೊಂದಿಕೆ ಕೂಡಿಸುವುದು. ಮನೆಯೊಂದಕ್ಕೆ 10 ಕಿಲೋಮೀಟರು, ಸರದಿಯೊಂದಕ್ಕೆ ಒಂದು ವಾರ ಎಂದಿಟ್ಟುಕೊಳ್ಳಿ. ದಿನಕ್ಕೆ 100 ಕಿಲೋಮೀಟರು ಸಾಗಬಲ್ಲ ಮೋಟಾರು ಪಡೆ ಒಂದೇ ಸರದಿಯಲ್ಲಿ 70 ಮನೆ ದಾಟಿ ಶತ್ರುವಿನ ಬೆನ್ನಿಗೆ ಬಂದಿರುತ್ತದೆ. ಶತ್ರುವಾದರೋ ಶಿಲಾಪ್ರತಿಮೆಯಂತೆ ತನ್ನ ಸರದಿಯನ್ನು ಕಾಯುತ್ತಿರುತ್ತಾನೆ. ಆದುದರಿಂದ ಬರ್ಗ್ ತನ್ನ ವಾರವನ್ನು ಮೂರು ಹಂತಗಳಾಗಿ ಒಡೆಯಬೇಕಾಯಿತು. ಒಡೆದಷ್ಟೂ ನಿಜ ಹತ್ತಿರವಾಗುತ್ತದೆ, ಆಡುವವನ ಆಯುಸ್ಸು ಸವೆಯುತ್ತದೆ.

ಆ ಆಟದಲ್ಲಿ ಇಟಲಿಯ ಸೈನಿಕರಿಗೆ ಮ್ಯಾಕರೋನಿ ಬೇಯಿಸಲು ಹೆಚ್ಚಿನ ನೀರು ಕೊಡಬೇಕೆಂಬ ನಿಯಮವುಂಟು. ವಿನೋದಕ್ಕೆ ಸೇರಿಸಿದ್ದೆಂದು ಕರ್ತೃವೇ ಮುಂದೆ ಹೇಳಿದನು. ಜನ ಅದನ್ನೇ ಹಿಡಿದು ನಗುತ್ತಾರೆ. ನಗುವುದಕ್ಕಾಗದ ನಿಯಮವೊಂದು ಅದರ ಪಕ್ಕದಲ್ಲಿದೆ: ಬ್ರಿಟಿಷರ ಪೆಟ್ರೋಲು ಜರ್ಮನರದಕ್ಕಿಂತ ಹೆಚ್ಚಾಗಿ ಆವಿಯಾಗುತ್ತದೆ. ಇದು ಚರಿತ್ರೆ. ಬ್ರಿಟಿಷರ ತೆಳುತಗಡಿನ ಡಬ್ಬಗಳು ಸೋರುತ್ತಿದ್ದವು, ಜರ್ಮನರ 20 ಲೀಟರಿನ ಗಟ್ಟಿ ಡಬ್ಬಗಳು ಸೋರುತ್ತಿರಲಿಲ್ಲ. ಡಬ್ಬದ ಬೆಸುಗೆಯೊಂದು ಸೇನೆಯ ನಡಿಗೆಯನ್ನೇ ತಡೆಯಬಲ್ಲುದೆಂಬುದನ್ನು ಚಿಕ್ಕ ಆಟ ತೋರಿಸಲಾರದು. 1940ರ ಡಿಸೆಂಬರಿನಲ್ಲಿ ಸಿದಿ ಬರ್ರಾನಿಯ ಬಳಿ ಕಾದಿದ 4ನೆಯ ಭಾರತೀಯ ಡಿವಿಷನ್ನಿನವರೂ ಈ ಬಾಯಾರಿಕೆಯ ಲೆಕ್ಕದೊಳಗಿನವರೇ. ಬೆಂಗಳೂರಿನಲ್ಲಿ ನೆಲೆಯಿದ್ದ ಮದರಾಸು ಸ್ಯಾಪರ್ಸ್ ದಳದವರೂ ಆ ಡಿವಿಷನ್ನಿನೊಡನೆ ದುಡಿದರು.

ಆದರೆ ಹಿರಿದಾದುದೆಲ್ಲ ದಿಟವೆಂದು ನಾನು ಒಪ್ಪಲಾರೆ. ಹನ್ನೆಂಟು ಅಕ್ಷೋಹಿಣಿಗಳ ಸಮರವನ್ನು ರನ್ನನು ಎಲ್ಲಿಂದ ನೋಡಿದನು? ಕೊನೆಯ ದಿನದ ಗದಾಯುದ್ಧದ ಅಂಚಿನಲ್ಲಿ ನಿಂತು, ಸಿಂಹಾವಲೋಕನ ಕ್ರಮದಿಂದ ಹಿಂದಿರುಗಿ ನೋಡಿದನು. ತರಗತಿಯಲ್ಲಿ ಆ ಕಾವ್ಯವನ್ನು ಹೇಳುವಾಗ ಆನೆಕುದುರೆಗಳ ಎಣಿಕೆ ನಮಗೆ ನೆನಪಾಗುವುದಿಲ್ಲ. ದುರ್ಯೋಧನನೊಬ್ಬನ ಒಂಟಿತನದಲ್ಲಿ ಅಷ್ಟೂ ಸೇನೆಯ ಅಳಿವು ಕಾಣುತ್ತದೆ. ಕವಿ ಬಿಟ್ಟದ್ದರಿಂದ ಗೆದ್ದನು. ಆಟ ಕಟ್ಟುವವನಿಗೆ ಬಿಡುವುದು ಕಷ್ಟ. ಬಿಟ್ಟದ್ದೇ ನಾಳೆ ಅವನ ಮೇಲೆ ದೂರಾಗಿ ಬರುತ್ತದೆ.

ಗಣಕಯಂತ್ರ ಬಂದಮೇಲೆ ಲೆಕ್ಕದ ಹೊರೆ ಇಳಿಯಿತು. 1998ರಲ್ಲಿ ನಾರ್ಮ್ ಕೋಗರ್ ರೂಪಿಸಿದ ‘ದ ಆಪರೇಷನಲ್ ಆರ್ಟ್ ಆಫ್ ವಾರ್’ ಎಂಬ ಆಟ, ರಂಗವನ್ನು ಕಟ್ಟುವ ಸಲಕರಣೆಯನ್ನೇ ಆಡುವವರ ಕೈಗಿತ್ತಿತು. ಭೂಪಟ, ಸೇನೆ, ತಾರೀಖು ಎಲ್ಲವೂ ಅವರ ಇಚ್ಛೆ. ಸಾವಿರಾರು ಕಾಯಿಗಳನ್ನು ಇಟ್ಟರೂ ಕೂಡಿ ಕಳೆಯುವುದು ಯಂತ್ರದ ಪಾಡು. ತೀರ್ಪು ಮಾತ್ರ ಮನುಷ್ಯನದೇ ಆಗಿ ಉಳಿದಿದೆ, ಅದರಲ್ಲಿಯೂ ಕೊನೆಯ ಸರದಿಯ ತೀರ್ಪು. ಇದೇ ಮರಳುಗಾಡಿನ ಆಟವನ್ನು 1942ರ ಜೂನ್ 21ಕ್ಕೆ ನಿಲ್ಲಿಸಿದರೆ ಟೋಬ್ರುಕ್ ರೋಮೆಲನ ಕೈಯಲ್ಲಿರುತ್ತದೆ, ಅವನೇ ವಿಜಯಿ. ಅದೇ ವರ್ಷದ ನವೆಂಬರಿನವರೆಗೆ ಎಳೆದರೆ ಅವನು ಎಲ್ ಅಲಮೈನಿನಿಂದ ಪಡುವಣಕ್ಕೆ ಓಡುತ್ತಿರುತ್ತಾನೆ.